ಕೂತು ತಿರುಗುವ ಹೆಜ್ಜೆ

ನನ್ನ ಕೆಲಸದ ಸಂದರ್ಶನದ ದಿನ ಮೇಜಿನ ಆಚೆ ಇಂಜಿನಿಯರಿಂಗ್ ಪ್ರೊಫೆಸರುಗಳು ಕೂತಿದ್ದರು. ಅವರ ಜೊತೆಗೆ ಚಿತ್ರಕಲೆಯ ಕಡೆಯಿಂದ ಕರೆಸಿದ್ದ ಹಿರಿಯರೊಬ್ಬರೂ ಇದ್ದರು. ಇಂಜಿನಿಯರಿಂಗಿನವರು ನನ್ನ ಚಿತ್ರಗಳನ್ನು ತಿರುವಿ ನೋಡಿ, ಇದು ನಮಗೆ ಸಂಬಂಧಪಟ್ಟದ್ದಲ್ಲ ಅನ್ನುವ ಹಾಗೆ ಹಿರಿಯರ ಕಡೆ ಸರಿಸಿದರು. ಹಿರಿಯರು ನನ್ನ ಎಲೆಕ್ಟ್ರಾನಿಕ್ಸ್ ಡಿಗ್ರಿಯ ಪ್ರತಿಯನ್ನು ಕನ್ನಡಕದ ಕೆಳಗಿನಿಂದ ಓದಿ, ಅಷ್ಟೇ ಮರ್ಯಾದೆಯಿಂದ ಇಂಜಿನಿಯರಿಂಗಿನವರ ಕಡೆ ಸರಿಸಿದರು. ಕಲೆ ಮತ್ತು ತಂತ್ರಜ್ಞಾನ ಎರಡನ್ನೂ ಸೇರಿಸಿ ಪಾಠ ಮಾಡುವವರು ಬೇಕೆಂದು ಜಾಹೀರಾತು ಕೊಟ್ಟಿದ್ದವರು ಅವರೇ. ಹಾಗೆ ಬಂದವಳನ್ನು ಎಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಸಿಕ್ಕಿತು. ಯಾಕೆ ಸಿಕ್ಕಿತು ಅನ್ನುವುದು ನನಗೇ ಪೂರ್ತಿ ತಿಳಿಯಲಿಲ್ಲ. ಹಾಗಿರುವಾಗ ಉಳಿದವರು ಅನುಮಾನ ಪಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾಲೇಜು ಇದ್ದದ್ದು ರಾಮನಗರದ ಹೊರಗೆ, ಹೈವೇಯಿಂದ ಒಳಗೆ ತಿರುಗುವ ರಸ್ತೆಯಲ್ಲಿ. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ಥಟ್ಟನೆ ಊಟದ ಡಬ್ಬಿಯ ಕಡೆಗೆ ಹೊರಳುತ್ತಿತ್ತು. ಆಡಳಿತ ಮಂಡಳಿಯಲ್ಲಿ ನನಗೆ ಯಾರೋ ಬೇಕಾದವರಿದ್ದಾರೆ ಎಂಬ ಸುದ್ದಿ ಕೆಲವು ದಿನ ಓಡಾಡಿತು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ ರಾಗಿ, ಅವರೆ ಬೆಳೆದುಕೊಂಡಿದ್ದ ನಮ್ಮ ಮನೆಯವರಿಗೆ ಮಂಡಳಿಯ ಗೇಟಿನ ವಾಚ್‌ಮನ್ ಕೂಡ ಪರಿಚಯವಿರಲಿಲ್ಲ. ನಮ್ಮವ್ವನಿಗೂ ಅನುಮಾನವೇ. ನಾನು ಊರಿಗೆ ಹೋದಾಗ ಅವಳು ಸೊಪ್ಪು ಬಿಡಿಸುತ್ತಾ ಹೇಳಿದ್ದಳು: “ಚಿತ್ರ ಬರ್ದೋರ್ಗೆ ತಿಂಗ್ಳು ತಿಂಗ್ಳು ಸಂಬ್ಳ ಕೊಡ್ತಾರೆ ಅಂದ್ರೆ ಏನೋ ಐತೆ ಕಣವ್ವ. ಒಸಿ ಹುಷಾರಾಗಿರು.”

ನನಗೆ ಕೊಟ್ಟ ಕೋಣೆ ಕಾರಿಡಾರಿನ ಕೊನೆಯಲ್ಲಿತ್ತು. ಮೊದಲು ಅದು ಮುರಿದ ಬೆಂಚುಗಳನ್ನು ತುಂಬುತ್ತಿದ್ದ ಉಗ್ರಾಣ. ಅಲ್ಲಿ ನಾನು ಹುಡುಗರಿಗೆ ಮೋಟರನ್ನು ಬಿಚ್ಚುವ ಮೊದಲು ಅದರ ಚಿತ್ರ ಬರೆಯಲು ಹೇಳುತ್ತಿದ್ದೆ. ಬಿಚ್ಚಿದ ಮೇಲೆ ಇನ್ನೊಮ್ಮೆ ಬರೆಸುತ್ತಿದ್ದೆ. ಕೈ ಬರೆಯುವಾಗ ಕಣ್ಣು ನಿಲ್ಲುತ್ತದೆ, ಕಣ್ಣು ನಿಂತರೆ ಮಾತ್ರ ಯಂತ್ರ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ. ಹುಡುಗರು ಮೊದಲು ಕೇಳುತ್ತಿದ್ದದ್ದು ಇದಕ್ಕೆ ಮಾರ್ಕ್ಸ್ ಇದೆಯೇ ಎಂದು. ಇದೆ ಎಂದರೂ ನಂಬುತ್ತಿರಲಿಲ್ಲ. ಪಕ್ಕದ ವಿಭಾಗಕ್ಕೆ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು. ಪಾಠ ನಡೆಯುವಾಗ ಕಿಟಕಿಯ ಹೊರಗೆ ಯಾರಾದರೂ ನಿಂತು ನೋಡಿ ಹೋಗುವುದು ಮಾಮೂಲಾಯಿತು. ನಾನೂ ಅಷ್ಟೊತ್ತಿಗೆ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಿದ್ದೆ.

ಕೆಲವು ವರ್ಷ ಹೀಗೆ ಕಳೆದ ಮೇಲೆ ನಾನು ಕುಣಿತವನ್ನು ದಾಖಲಿಸುವ ಕೆಲಸಕ್ಕೆ ಕೈ ಹಾಕಿದೆ. ಮೈಯ ಕೀಲುಗಳ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸೆನ್ಸರುಗಳನ್ನು ಪಟ್ಟಿಯಿಂದ ಕಟ್ಟಿದರೆ, ಕುಣಿಯುವವರ ಚಲನೆಯೆಲ್ಲ ಕಂಪ್ಯೂಟರಿಗೆ ಬರುತ್ತದೆ. ಪರದೆಯ ಮೇಲೆ ಮುಖವಿಲ್ಲದ, ಬಟ್ಟೆಯಿಲ್ಲದ, ಬರೀ ಗೆರೆಗಳ ಮನುಷ್ಯನೊಬ್ಬ ಅದೇ ಕುಣಿತವನ್ನು ಕುಣಿಯುತ್ತಾನೆ. ನಮ್ಮ ಸೀಮೆಯಲ್ಲಿ ಇದಕ್ಕೆ ಪೂಜಾ ಕುಣಿತಕ್ಕಿಂತ ಒಳ್ಳೆಯದು ನನಗೆ ತೋಚಲಿಲ್ಲ. ಬಿದಿರಿನ ಅಗಲವಾದ ಚೌಕಟ್ಟಿಗೆ ಸೀರೆ ಸುತ್ತಿ, ನಡುವೆ ದೇವಿಯ ಮುಖವಾಡ ಕಟ್ಟಿ, ಅದನ್ನು ತಲೆಯ ಮೇಲೆ ಹೊತ್ತು ಕೈ ಬಿಟ್ಟು ಕುಣಿಯುತ್ತಾರೆ. ಆ ಚೌಕಟ್ಟಿಗೇ ಪೂಜೆ ಅನ್ನುತ್ತಾರೆ. ಗಾಳಿ ಬಂದರೆ ಅದು ಪಟದ ಹಾಗೆ ಎಳೆಯುತ್ತದೆ. ಆದರೂ ಪೂಜೆ ವಾಲದೆ ನಿಲ್ಲುವುದು ಹೇಗೆ ಅನ್ನುವುದು ನನ್ನೊಳಗಿನ ಇಂಜಿನಿಯರನ್ನೂ ಚಿತ್ರಗಾರ್ತಿಯನ್ನೂ ಒಟ್ಟಿಗೆ ಕಾಡುತ್ತಿತ್ತು.

ಕಬ್ಬಾಳಿನ ಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ ಹೆಸರಾದ ತಂಡವೊಂದಿತ್ತು. ಅದರ ಯಜಮಾನರು ಅರವತ್ತರ ಹತ್ತಿರದವರು. ಒಂದಿಷ್ಟು ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ ಇಟ್ಟುಕೊಂಡಿದ್ದ ಗಟ್ಟಿ ಮನುಷ್ಯ. ಅವರ ತಂಡ ಹೆಸರಾಗಿದ್ದದ್ದು ಒಂದು ಹೆಜ್ಜೆಯಿಂದ. ಪೂಜೆ ಹೊತ್ತೇ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಕೂತಲ್ಲೇ ಅರ್ಧ ಸುತ್ತು ತಿರುಗಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಏಳುವುದು. ಅದು ಅವರ ಅಪ್ಪನಿಂದ ಅವರಿಗೆ ಬಂದದ್ದು. ಬೇರೆ ಯಾವ ತಂಡದವರಿಗೂ ಹೇಳಿಕೊಟ್ಟಿರಲಿಲ್ಲ. ಸ್ವಂತ ತಂಡದಲ್ಲೂ ಅದನ್ನು ಅವರೊಬ್ಬರೇ ಮಾಡುತ್ತಿದ್ದರು.

ನಾನು ಮೊದಲ ಸಲ ಹೋದಾಗ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಎರಡನೆಯ ಸಲ ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಮಾಗಡಿ ಕಡೆಯವಳು ಎಂದಾಗ ಮುಖ ಇನ್ನಷ್ಟು ಬಿಗಿಯಾಯಿತು, ಯಾಕೆಂದರೆ ಆ ಕಡೆಯ ತಂಡಗಳ ಜೊತೆ ಅವರಿಗೆ ಹಳೆಯ ಪೈಪೋಟಿ. ಪಟ್ಟಿಯನ್ನು ಮೂಸಿ ನೋಡಿ, ಚರ್ಮದ್ದಾದರೆ ಪೂಜೆ ಹೊತ್ತ ಮೈಗೆ ಮುಟ್ಟಿಸುವ ಹಾಗಿಲ್ಲ ಎಂದರು. ನಾನು ಕನಕಪುರದ ದರ್ಜಿಯೊಬ್ಬರ ಹತ್ತಿರ ಬಟ್ಟೆಯ ಪಟ್ಟಿಗಳನ್ನು ಹೊಲಿಸಿದೆ. ಸೆನ್ಸರನ್ನು ಇಡಲು ಚನ್ನಪಟ್ಟಣದಲ್ಲಿ ಮರದ ಪುಟ್ಟ ಬಿಲ್ಲೆಗಳನ್ನು ಕಡೆಸಿ ಅರಗು ಹಾಕಿಸಿದೆ. ಅವನ್ನು ಕಂಡ ಮೇಲೆ ಯಜಮಾನರು ಒಸಿ ಮೆತ್ತಗಾದರು. ಆದರೂ ಕೊನೆಗೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿಯೇ ಬಿಟ್ಟರು:

“ನಮ್ ಕುಣ್ತ ನಿಮ್ ಡಬ್ಬಿಯೊಳಕ್ಕೆ ಹೋಯ್ತದೆ ಅಂತೀರಿ. ಅಲ್ಲಿಂದ ಇನ್ನೊಬ್ಬನ ಕಾಲಿಗೆ ಹೋಗಾಕಿಲ್ಲ ಅಂತ ಏನ್ ಗ್ಯಾರಂಟಿ, ಮೇಡಮ್ಮೋರೆ?”

ಅವರನ್ನು ಕೇಳದೆ ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಒಪ್ಪಿದರು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಹುಳುವಿಗೆ ಸೊಪ್ಪು ತರುವುದು, ಹಾಕುವುದು ಅವಳ ಕೆಲಸ. ಯಜಮಾನರನ್ನು ಮತ್ತೆ ಮತ್ತೆ ನಿಲ್ಲಿಸಿ ಪಟ್ಟಿ ಕಟ್ಟಿ ಬಿಚ್ಚಿದರೆ ಅವರು ಸಿಡುಕುತ್ತಿದ್ದರು. ಅದಕ್ಕೆ ನಾನು ಮೊದಲು ಮಗಳಿಗೆ ಕಟ್ಟಿ, ಎಲ್ಲ ಸೆನ್ಸರುಗಳೂ ಕೆಲಸ ಮಾಡುತ್ತಿವೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಒಂದಿಷ್ಟು ನಡಿ, ಕೂತ್ಕೋ, ಏಳು ಎನ್ನುತ್ತಿದ್ದೆ. ಅವಳು ಹೇಳಿದಷ್ಟು ಮಾಡಿ ನಗುತ್ತಿದ್ದಳು. ಆ ಪರೀಕ್ಷೆಯ ದಾಖಲೆಗಳನ್ನು ನಾನು ಅಳಿಸುವ ಗೋಜಿಗೆ ಹೋಗಲಿಲ್ಲ. ಬೇರೆ ಫೋಲ್ಡರಿನಲ್ಲಿ ಬಿದ್ದಿದ್ದವು.

ಕೆಲಸ ಮುಗಿದ ಮೇಲೆ ಅದರ ಬಗ್ಗೆ ಕಾಲೇಜಿನ ಸಮಾರಂಭವೊಂದರಲ್ಲಿ ಮಾತಾಡಿದೆ. ದಾಖಲೆ ತೋರಿಸಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಬೆಂಗಳೂರಿನ ಒಂದು ಕಂಪನಿಯವರು ಪ್ರಿನ್ಸಿಪಾಲರ ಜೊತೆ ನನ್ನ ಕೋಣೆಗೆ ಬಂದರು. ಬಹಳ ನಯದ ಮಾತು. ಕಾಲೇಜಿಗೆ ಹೊಸ ಲ್ಯಾಬು ಕಟ್ಟಿಸಿಕೊಡುವ ಯೋಚನೆ ಇದೆ ಎಂದರು. ಆಮೇಲೆ ತಲೆಯ ಮೇಲೆ ಭಾರ ಇದ್ದಾಗ ಸೊಂಟ ಎಷ್ಟು ವಾಲುತ್ತದೆ, ಮಂಡಿ ಯಾವಾಗ ಬಾಗುತ್ತದೆ ಎಂದು ಕೇಳಿದರು. ದೇವಿಯ ಬಗ್ಗೆಯಾಗಲಿ ತಮಟೆಯ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಇಲ್ಲ. ಕೊನೆಗೆ ಫೈಲುಗಳನ್ನು ಹಾಗೇ ಕೊಡಬಹುದೇ ಎಂದರು. ಯಾವುದಕ್ಕೆ ಎಂದು ನಾನು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಂಶೋಧನೆಗೆ ಎಂದರು. ಭಾರ ಹೊರುವ ಯಂತ್ರಕ್ಕೆ ನಡೆಯಲು ಕಲಿಸುತ್ತಿರಬೇಕು ಎಂದು ನನಗೆ ಹೊಳೆಯಿತು. ಕೊಡಲಾಗುವುದಿಲ್ಲ ಎಂದೆ. ಪ್ರಿನ್ಸಿಪಾಲರು ಅವರನ್ನು ಕಾರಿನವರೆಗೆ ಬಿಟ್ಟು ಬಂದು, ನನಗೆ ಕಾಲೇಜಿನ ಮೇಲೆ ಅಭಿಮಾನವಿಲ್ಲ ಎಂದು ಬೇಸರ ಮಾಡಿಕೊಂಡರು. ಮಾರನೆಯ ದಿನವೇ ನಾನು ಕೋಣೆಯ ಬೀಗ ಬದಲಾಯಿಸಿದೆ. ಅದಕ್ಕೂ ಜನ ಮಾತಾಡಿಕೊಂಡರು.

ಮುಂದಿನ ವರ್ಷ ಯಜಮಾನರ ಮಗಳ ಮದುವೆಯಾಯಿತು. ದೊಡ್ಡಮಳೂರಿನ ಹತ್ತಿರದ ಮನೆಗೆ ಕೊಟ್ಟರು. ನಾನೂ ಹೋಗಿ ಊಟ ಮಾಡಿಕೊಂಡು ಬಂದೆ. ಅದಾಗಿ ಬೇಸಿಗೆ ಕಳೆಯುವಷ್ಟರಲ್ಲಿ ಒಂದು ದಿನ ಯಜಮಾನರು ತಂಡದ ಇಬ್ಬರನ್ನು ಕರೆದುಕೊಂಡು ಕಾಲೇಜಿಗೇ ಬಂದರು. ನನ್ನ ಹತ್ತಿರ ಬರಲಿಲ್ಲ, ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ನನ್ನನ್ನು ಅಲ್ಲಿಗೆ ಕರೆಸಿದಾಗ ಯಜಮಾನರ ಫೋನಿನಲ್ಲಿ ವಿಡಿಯೋ ಒಂದು ಓಡುತ್ತಿತ್ತು. ಮಾಗಡಿಯ ಒಂದು ಮೆರವಣಿಗೆ. ಯಾವುದೋ ತಂಡದ ತರುಣನೊಬ್ಬ ಪೂಜೆ ಹೊತ್ತು ಕೂತು, ತಿರುಗಿ, ಹಿಂದಕ್ಕೆ ಹೆಜ್ಜೆ ಇಟ್ಟು ಎದ್ದ. ಪೂಜೆಯ ನೆರಳಿನಲ್ಲಿ ಅವನ ಮುಖ ಗುರುತು ಸಿಗುವ ಹಾಗಿರಲಿಲ್ಲ. ಸುತ್ತಲಿದ್ದ ಜನ ಶಿಳ್ಳೆ ಹೊಡೆದರು.

ಯಜಮಾನರು ನನ್ನ ಮುಖ ನೋಡದೆ ಪ್ರಿನ್ಸಿಪಾಲರಿಗೆ ಹೇಳಿದರು: “ಈಯಮ್ಮನೂ ಮಾಗಡಿ ಕಡೆಯೋರೆಯ. ನಾನ್ ಜಾಸ್ತಿ ಮಾತಾಡಾಕಿಲ್ಲ.”

ನಾನು ಯಾರಿಗೂ ಕೊಟ್ಟಿಲ್ಲ ಎಂದೆ. ಪ್ರಿನ್ಸಿಪಾಲರು ಕಂಪನಿಗೆ ಕೊಡದವಳು ಬೇರೆಯವರಿಗೆ ಯಾಕೆ ಕೊಟ್ಟೆ ಅನ್ನುವ ಹಾಗೆ ನೋಡಿದರು. ವಿಚಾರಣೆಗೆ ಒಂದು ಸಮಿತಿ ಮಾಡಿದರು. ಅದರಲ್ಲಿದ್ದವರು ನನ್ನ ಜೊತೆಗೇ ಪಾಠ ಮಾಡುವವರು. ಯಾವಾಗಲೂ ಬೀಗ ಹಾಕಿಕೊಂಡು ಇರುತ್ತಾರೆ, ಬೀಗ ಬೇರೆ ಬದಲಾಯಿಸಿದ್ದಾರೆ ಎಂದು ಒಬ್ಬರು ಹೇಳಿದ್ದು ಆಮೇಲೆ ನನ್ನ ಕಿವಿಗೆ ಬಿತ್ತು. ನನಗೆ ಅನುಮಾನ ಇದ್ದದ್ದು ಆ ಕಂಪನಿಯವರ ಮೇಲೆ. ಯಾರನ್ನಾದರೂ ಹಿಡಿದು ಫೈಲು ತೆಗೆಸಿಕೊಂಡಿರಬೇಕು ಎಂದುಕೊಂಡೆ. ಆದರೆ ಕಂಪನಿಯ ಕೈಗೆ ಸಿಕ್ಕಿದ್ದು ಮಾಗಡಿಯ ಬೀದಿಗೆ ಹೇಗೆ ಬರುತ್ತದೆ?

ಆ ವಿಡಿಯೋವನ್ನು ನಾನೂ ತರಿಸಿಕೊಂಡೆ. ಒಂದು ಭಾನುವಾರ ಕಾಲೇಜಿನಲ್ಲಿ ಯಾರೂ ಇಲ್ಲದಾಗ ಅದನ್ನು ತುಣುಕು ತುಣುಕಾಗಿ ನಿಲ್ಲಿಸುತ್ತಾ, ಪೆನ್ಸಿಲಿನಿಂದ ಹಾಳೆಯ ಮೇಲೆ ಆ ತರುಣನ ಮೈಯನ್ನು ಬರೆಯತೊಡಗಿದೆ. ಭುಜ, ಸೊಂಟ, ಮಂಡಿ, ಹಿಮ್ಮಡಿ. ಬರೆಯುತ್ತಾ ಹೋದ ಹಾಗೆ ಕೈಗೆ ಏನೋ ತಡೆಯಿತು. ಯಜಮಾನರ ಕುಣಿತವನ್ನು ನಾನು ಎಷ್ಟೋ ಸಲ ಬರೆದಿದ್ದೆ. ಅವರು ಕೂರುವಾಗ ಎರಡು ಭುಜವೂ ತಕ್ಕಡಿಯ ದಂಡಿಯ ಹಾಗೆ ಸಮನಾಗಿ ಇಳಿಯುತ್ತವೆ. ಇವನು ಕೂರುವ ಮೊದಲು ಎಡಗಾಲನ್ನು ಒಂದಿಷ್ಟು ಹೊರಗಿಟ್ಟು ಬಲಭುಜವನ್ನು ತಗ್ಗಿಸುತ್ತಿದ್ದ. ಯಜಮಾನರ ದಾಖಲೆ ನೋಡಿ ಕಲಿತಿದ್ದರೆ ಈ ಚಾಳಿ ಬರುತ್ತಿರಲಿಲ್ಲ. ಯಾರದೋ ಇನ್ನೊಬ್ಬರ ಮೈಯನ್ನು ನೋಡಿ ಕಲಿತಿದ್ದ.

ಆ ಭುಜವನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಯಜಮಾನರ ಫೋಲ್ಡರು ಮುಚ್ಚಿ, ಪರೀಕ್ಷೆಯ ಫೋಲ್ಡರು ತೆರೆದೆ. ಪರದೆಯ ಮೇಲೆ ಗೆರೆಗಳ ಹೆಂಗಸೊಬ್ಬಳು ನಡೆದಳು, ಕೂತಳು, ಎದ್ದಳು. ಒಂದು ಕಡೆ, ನಾನು ಏನೋ ಸರಿಮಾಡಲು ಕಂಪ್ಯೂಟರಿನ ಕಡೆ ತಿರುಗಿಕೊಂಡಿದ್ದ ಹೊತ್ತಿನಲ್ಲಿರಬೇಕು, ಎಡಗಾಲು ಹೊರಗಿಟ್ಟು, ಬಲಭುಜ ತಗ್ಗಿಸಿ, ಕೂತಲ್ಲೇ ಅರ್ಧ ಸುತ್ತು ತಿರುಗಿ, ಹಿಂದಕ್ಕೆ ಹೆಜ್ಜೆ ಇಟ್ಟು ಎದ್ದಿದ್ದಳು. ಯಾರೂ ನೋಡುತ್ತಿಲ್ಲ ಎಂದು ಮಾಡಿದ್ದಳು. ಸೆನ್ಸರು ನೋಡಿತ್ತು.

ದೊಡ್ಡಮಳೂರಿಗೆ ಹೋದೆ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಾಫಿ, ಕ್ಷೇಮಸಮಾಚಾರ ಎಲ್ಲ ಮುಗಿದು, ಅತ್ತೆ ತೋಟದ ಕಡೆ ಹೋದ ಮೇಲೆ ನಾನು ಮಾಗಡಿಯ ವಿಡಿಯೋ ತೋರಿಸಿದೆ. ಅವಳು ಪೂರ್ತಿ ನೋಡಲಿಲ್ಲ. ಕುಣಿದವನು ತನ್ನ ಮೈದುನ ಎಂದಳು. ಅವನ ತಂಡಕ್ಕೆ ಮಾಗಡಿಯಿಂದ ಕರೆ ಬಂದಿತ್ತಂತೆ. ತಾನೇ ಹಿತ್ತಲಲ್ಲಿ ಹೇಳಿಕೊಟ್ಟೆ ಎಂದಳು.

ಯಾಕೆ ಎಂದು ಕೇಳಿದ್ದಕ್ಕೆ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದಳು: “ನಮ್ಮಪ್ಪ ನಂಗೆ ಯಾವತ್ತೂ ಹೇಳ್ಕೊಡ್ಲಿಲ್ಲ ಅಕ್ಕ. ಹೆಣ್ಮಕ್ಳು ಪೂಜೆ ಹೊರಂಗಿಲ್ಲ ಅಂದ್ಬುಟ್ರು. ಅವ್ರು ಮಾಡೋದ್ ನೋಡ್ಕೊಂಡು, ಹುಳಿನ್ ಮನೇಲಿ ಒಬ್ಳೇ ಇದ್ದಾಗ ಕಲ್ತೆ. ಕಲ್ತದ್ದನ್ನ ಯಾರ ಮೈಯಲ್ಲಾದ್ರೂ ಒಂದ್ಸಲ ನೋಡ್ಬೇಕು ಅನ್ನುಸ್ತು.”

ಅವಳ ಅಪ್ಪ ನನ್ನ ಮೇಲೆ ದೂರು ಕೊಟ್ಟ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ತಾನೇ ಹೋಗಿ ಅಪ್ಪನಿಗೆ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಹೇಳಬೇಡಿ ಎಂದು ಕೇಳಿಕೊಂಡಳು. ಒಪ್ಪಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಹೇಳುತ್ತಾಳೆಯೇ ಇಲ್ಲವೇ ಎಂಬ ಅನುಮಾನ ಚನ್ನಪಟ್ಟಣ ದಾಟುವ ಮೊದಲೇ ಶುರುವಾಯಿತು.

ಅಷ್ಟರಲ್ಲಿ ಸಮಿತಿ ನನ್ನನ್ನು ಕೂರಿಸಿ ಕೇಳಿತು. ಯಾರು ಕಲಿಸಿರಬಹುದು ಎಂದು ನಿಮಗೆ ಏನಾದರೂ ಅಂದಾಜಿದೆಯೇ ಎಂದರು. ನಾನು ಫೈಲು ಕೊಟ್ಟಿಲ್ಲ ಎಂದಷ್ಟೇ ಮತ್ತೆ ಹೇಳಿದೆ. ಗೊತ್ತಿದ್ದೂ ಹೇಳುತ್ತಿಲ್ಲ ಅನ್ನುವುದು ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ನನ್ನ ವಿಷಯ ಇರಲಿಲ್ಲ. ಯಾಕೆ ಎಂದು ಕೇಳಿದರೆ ಹುಡುಗರಿಗೆ ಆಸಕ್ತಿ ಇಲ್ಲ ಎಂದರು. ನಾನು ಬೇಸಿಕ್ ಎಲೆಕ್ಟ್ರಾನಿಕ್ಸ್ ಪಾಠ ಮಾಡಿಕೊಂಡು ಇದ್ದೆ. ಆ ದಿನಗಳಲ್ಲಿ ಕಲೆಯ ಕಡೆಗೆ ಪೂರ್ತಿ ಹೊರಟುಹೋಗೋಣ ಎಂದೂ ಅನ್ನಿಸಿತು. ಆದರೆ ಅಲ್ಲಿಯೂ ನನ್ನನ್ನು ಇಂಜಿನಿಯರಿಂಗ್ ಕಾಲೇಜಿನವರು ಓಡಿಸಿದವಳು ಎಂದೇ ನೋಡುತ್ತಿದ್ದರು.

ಮಗಳು ಮಾತಿಗೆ ತಪ್ಪಲಿಲ್ಲ, ಗಂಡನ ಜೊತೆ ಹೋಗಿ ಅಪ್ಪನಿಗೆ ಹೇಳಿದಳು. ಯಜಮಾನರು ನಂಬಲಿಲ್ಲ. ಒಂದು ದಿನವೂ ಪೂಜೆ ಹೊರದವಳಿಗೆ ಆ ಹೆಜ್ಜೆ ಬರುವುದು ಸಾಧ್ಯವೇ ಇಲ್ಲ, ಮೇಡಮ್ಮು ತಮ್ಮ ತಪ್ಪು ಮುಚ್ಚಿಕೊಳ್ಳಲು ನಿನಗೆ ಹೀಗೆ ಹೇಳಿಕೊಟ್ಟಿದ್ದಾರೆ ಎಂದರಂತೆ. ಹಾಗೆ ನನ್ನ ಮೇಲೆ ಇದ್ದ ಒಂದು ಅನುಮಾನ ಎರಡಾಯಿತು. ಕೊನೆಗೆ ಮಗಳು ಹಟ ಹಿಡಿದು ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಬಂದಳು.

ಯಜಮಾನರು ಕೂರಲಿಲ್ಲ. ನಾನು ಪರದೆಯ ಮೇಲೆ ಇಬ್ಬರು ಗೆರೆಗಳ ಮನುಷ್ಯರನ್ನು ಅಕ್ಕಪಕ್ಕ ನಿಲ್ಲಿಸಿ ಓಡಿಸಿದೆ. ಯಾರು ಯಾರೆಂದು ಹೇಳಲಿಲ್ಲ. ಇಬ್ಬರೂ ಕೂತರು, ತಿರುಗಿದರು, ಎದ್ದರು. ಅವರು ಹತ್ತಿರ ಬಂದು ಎಡಗಡೆಯ ಗೆರೆಯ ಮೇಲೆ ಬೆರಳಿಟ್ಟು, ಇದು ನಾನು ಎಂದರು. ಬಲಗಡೆಯದರ ಮೇಲೆ ಬೆರಳು ಇಡಲು ಹೋಗಿ ನಿಂತರು. ಇನ್ನೊಂದ್ಸಲ ಬಿಡಿ ಎಂದರು. ಬಿಟ್ಟೆ. ಮತ್ತೆ ಬಿಡಿ ಎಂದರು. ಅವರ ಕಣ್ಣು ಪರದೆಯಿಂದ ಮಗಳ ಕಡೆಗೆ, ಮಗಳಿಂದ ಪರದೆಯ ಕಡೆಗೆ ಹೋಗಿ ಬರುತ್ತಿತ್ತು.

“ಇದು ಕಂಪ್ಯೂಟರ್ ಮಾಡಿರೋದು ಯಾಕಾಗಿರ್ಬಾರ್ದು?” ಎಂದು ಕೇಳಿದರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಮಗಳು ಮೂಲೆಯಲ್ಲಿದ್ದ ಹಳೆಯ ಪ್ರಿಂಟರಿನ ದೊಡ್ಡ ರಟ್ಟಿನ ಪೆಟ್ಟಿಗೆ ತಂದಳು. ಸೆರಗು ಬಿಗಿದು, ಬೆಂಚಿನ ಮೇಲಿದ್ದ ಟವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೈ ಬಿಟ್ಟಳು. ಬೆಂಚುಗಳ ನಡುವಿನ ಇಕ್ಕಟ್ಟಿನಲ್ಲೇ ಕೂತಳು. ತಿರುಗಿದಳು. ಹಿಂದಕ್ಕೆ ಕಾಲಿಟ್ಟು ಎದ್ದಳು. ಪೆಟ್ಟಿಗೆ ಅಲುಗಲಿಲ್ಲ. ಕಿಟಕಿಯ ಹೊರಗೆ ಎಂದಿನಂತೆ ಯಾರೋ ನಿಂತು ನೋಡುತ್ತಿದ್ದರು, ಅವರೂ ಹೋಗಲಿಲ್ಲ.

ಯಜಮಾನರು ಆಗ ಕೂತರು. ಮಗಳಿಗೆ, “ಬಲ್ಗಡೆ ಭುಜ ಇಳೀತೈತೆ. ಸೊಪ್ಪಿನ ಹೊರೆ ಹೊತ್ತೂ ಹೊತ್ತೂ ಹಂಗಾಗೈತೆ. ತಿದ್ಕೊ” ಎಂದರು. ಮಗಳು ಪೆಟ್ಟಿಗೆ ಇಳಿಸಿ, ಅದರ ಹಿಂದೆ ಮುಖ ಮರೆಮಾಡಿಕೊಂಡಳು. ಯಜಮಾನರು ಹೊರಡುವಾಗ ಬಾಗಿಲ ಹತ್ತಿರ ನಿಂತು ನನಗೆ, ಮಳೆಗಾಲ ಕಳೀಲಿ, ಊರಿಗೆ ಬನ್ನಿ ಎಂದಷ್ಟೇ ಅಂದರು.

ಯಜಮಾನರು ದೂರು ವಾಪಸು ತೆಗೆದುಕೊಂಡಿದ್ದೇನೆ ಎಂದು ಪ್ರಿನ್ಸಿಪಾಲರಿಗೆ ಹೇಳಿಸಿದರು, ಕಾರಣ ಹೇಳಿಸಲಿಲ್ಲ. ಮನೆಯ ವಿಷಯ ಎಂದು ನಾನೂ ಬಾಯಿ ಬಿಡಲಿಲ್ಲ. ಅದರಿಂದ ಸಮಿತಿಯವರು ನಾನೇ ಏನೋ ಮಾಡಿ ರಾಜಿ ಮಾಡಿಸಿಕೊಂಡೆ ಎಂದು ತೀರ್ಮಾನಿಸಿದರು. ಆ ಮಾತು ಇವತ್ತಿಗೂ ಸ್ಟಾಫ್ ರೂಮಿನಲ್ಲಿ ಇದೆ. ನನ್ನ ವಿಷಯ ಆಮೇಲೆ ಬೇರೆ ಹೆಸರಿನಲ್ಲಿ ವಾಪಸು ಬಂತು. ಆಸಕ್ತಿ ಇಲ್ಲದ ಹುಡುಗರು ಈಗ ಕೋಣೆಯಲ್ಲಿ ಹಿಡಿಸದಷ್ಟು ಸೇರುತ್ತಾರೆ. ಆ ಕಂಪನಿಯವರ ಮೇಲಿನ ನನ್ನ ಅನುಮಾನ ಮಾತ್ರ ಹೋಗಿಲ್ಲ. ಅವರು ಏನೂ ಮಾಡಲಿಲ್ಲ ಅನ್ನುವುದು ಗೊತ್ತಾಗಿದೆ. ಅವಕಾಶ ಸಿಕ್ಕಿದ್ದರೂ ಮಾಡುತ್ತಿರಲಿಲ್ಲ ಅನ್ನುವುದು ಗೊತ್ತಾಗಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಕಬ್ಬಾಳಿನ ಕಡೆಗೆ ಹೊರಟೆ. ಯಜಮಾನರ ಕಣದಲ್ಲಿ ಪೂಜೆ ಸಿದ್ಧವಾಗಿತ್ತು, ಹೊಸ ಸೀರೆ ಉಡಿಸಿದ್ದರು. ಮಗಳು ಮಿಂದು, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿದ್ದಳು. ನಾನು ಪಟ್ಟಿಗಳನ್ನು ಕಟ್ಟಿದೆ. ಪೂಜೆಯನ್ನು ಅವಳ ತಲೆಯ ಮೇಲೆ ಇಟ್ಟವರು ಅವಳ ಅಪ್ಪನೇ. ತಮಟೆಯವರು ಕೋಲು ಎತ್ತಲಿಲ್ಲ. ಹೆಂಗಸು ಹೊತ್ತ ಪೂಜೆಗೆ ಅವರು ಎಂದೂ ಬಾರಿಸಿದವರಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ನನ್ನನ್ನು ನೋಡಿದರು, ಇದನ್ನೆಲ್ಲ ಈಯಮ್ಮನೇ ತಲೆಗೆ ತುಂಬಿರಬೇಕು ಅನ್ನುವ ಹಾಗೆ.

“ಯಾಕ್ರಲಾ ನಿಂತ್ಬುಟ್ರಿ?” ಯಜಮಾನರು ಕೇಳಿದರು. “ನನ್ ಮಗ್ಳು ಅವ್ಳು. ಬಾರ್ಸಿ.”

ಒಬ್ಬ ಮೆಲ್ಲಗೆ ಒಂದು ಪೆಟ್ಟು ಹಾಕಿದ. ಇನ್ನೊಬ್ಬ ಅದಕ್ಕೆ ಸೇರಿಸಿದ. ನಾನು ಕಂಪ್ಯೂಟರಿನ ಗುಂಡಿ ಒತ್ತಿದೆ.